ಖಾಲಿ ಸಭಾಂಗಣದಲ್ಲಿ ಪಿಯಾನೋ

ಗಲ್ಫಿನ ಸಬ್ಹಾನ್‌ನಲ್ಲಿ ವಾದ್ಯಗಳನ್ನು ಬಾಡಿಗೆಗೆ ಕೊಡುವ ಗೋದಾಮಿನಲ್ಲಿ ನನಗೆ ಕೆಲಸ. ಕಳೆದ ಚಳಿಗಾಲದಲ್ಲಿ ಫ್ರಾನ್ಸಿನ ವಾದಕಿಯೊಬ್ಬರ ಕಛೇರಿಗೆ ನಾವೇ ಪಿಯಾನೋ ಒಯ್ದೆವು. ಸಿನಿಮಾಗಳಿಗೆ ಸಂಗೀತ ಕೊಟ್ಟು ಹೆಸರಾದವರು ಅವರು. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ನುಡಿಸಿ ನೋಡುತ್ತಿದ್ದವರು, "ನೀವೂ ನುಡಿಸ್ತೀರಾ?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

"ಊರಿನ ಇಗರ್ಜಿಯಲ್ಲಿ ನುಡಿಸ್ತಿದ್ದೆ. ಇಲ್ಲಿಗೆ ಬಂದ ಮೇಲೆ ಖಲಾಸ್."

"ನಾನೂ ಇಗರ್ಜಿಯಲ್ಲೇ ಕಲಿತದ್ದು. ಸಿನಿಮಾ ಸಿಕ್ಕಿದ್ದು ನಲವತ್ತರ ಮೇಲೆ," ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಕ್ರಿಸ್ಮಸ್ ಹಾಡೊಂದರ ನಾಲ್ಕು ಸಾಲು ಬಂತು. ಆಮೇಲೆ ಬೆರಳು ತಡವರಿಸಿತು. ಉಳಿದದ್ದನ್ನು ಅವರೇ ಮೆಲ್ಲಗೆ ನುಡಿಸಿ ಮುಗಿಸಿದರು. ಅಷ್ಟರಲ್ಲಿ ನಮ್ಮ ಲಾರಿ ಡ್ರೈವರ್ ಬಾಗಿಲಿನಿಂದಲೇ, "ಯಲ್ಲಾ ಭಾಯಿ, ಚಲೋ!" ಎಂದು ಕೂಗಿದ.

ಈಗ ಇಲ್ಲಿನ ಇಗರ್ಜಿಯಲ್ಲಿ, ರಜಾದಿನವಾದ ಶುಕ್ರವಾರದ ಪೂಜೆಯಲ್ಲಿ, ನನ್ನ ಬಾಯಿಂದ ಹಾಡೇ ಹೊರಡುವುದಿಲ್ಲ. ಕೀಬೋರ್ಡ್ ನುಡಿಸುವವರ ಕೈಗಳನ್ನೇ ನೋಡುತ್ತಾ ನಿಂತಿರುತ್ತೇನೆ.