ತಂತಿ ಇಳಿಸದ ಗಿಟಾರ್

ನನ್ನ ಗಿಟಾರಿನ ಕತ್ತಿನ ಮೇಲೆ, ಐದನೇ ಫ್ರೆಟ್ಟಿನ ಹತ್ತಿರ, ಮೆರೂನ್ ಬಣ್ಣದ ಒಂದು ಸ್ಟಿಕ್ಕರ್ ಅಂಟಿಕೊಂಡಿದೆ. ಹೆಂಗಸರು ಹಣೆಗಿಟ್ಟುಕೊಳ್ಳುವ ಸ್ಟಿಕ್ಕರ್. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಶಿಫ್ಟ್ ಮಾಡುವವರು ಯಾರಾದರೂ ಮನೆಗೆ ಬಂದರೆ ಮೊದಲು ಅದನ್ನೇ ನೋಡಿ ಹಲ್ಲು ಕಿರಿಯುತ್ತಾರೆ. ‘ಯಾರದು ಗುರುವೇ ಇದು?’ ನನಗೆ ಉರಿಯುತ್ತದೆ. ನಮ್ಮಕ್ಕನದು ಕಣ್ರಯ್ಯಾ, ಸುಮ್ಮನೆ ಕಾಫಿ ಕುಡೀರಿ ಅನ್ನುತ್ತೇನೆ. ಅಕ್ಕನ ಸ್ಟಿಕ್ಕರ್ ಗಿಟಾರಿಗೆ ಯಾಕೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಈಗ ರಿಸೆಪ್ಷನ್ ಎಂದರೆ ಡಿಜೆ. ಆಳೆತ್ತರದ ಡಬ್ಬಗಳನ್ನು ತಂದು ನಿಲ್ಲಿಸಿ ಎದೆಗೂಡು ಅದುರಿಸುತ್ತಾರೆ. ಆಗ ಹಾಗಿರಲಿಲ್ಲ. ಕೋಲಾರದಲ್ಲಿ ನಮ್ಮದೊಂದು ಪುಟ್ಟ ಆರ್ಕೆಸ್ಟ್ರಾ ಇತ್ತು. ಗಿಟಾರಿಗೆ ನಾನು, ಕೀಬೋರ್ಡಿಗೆ ಮುಳಬಾಗಿಲಿನವನೊಬ್ಬ, ಢೋಲಕ್ಕಿಗೆ ಮಾಲೂರಿನವನೊಬ್ಬ, ಗಂಡು ದನಿಗೆ ಒಬ್ಬ ಮೇಷ್ಟ್ರು, ಹೆಣ್ಣು ದನಿಗೆ ನಮ್ಮಕ್ಕ. ಅಕ್ಕನನ್ನು ಕೊಟ್ಟಿದ್ದು ಹುತ್ತೂರಿಗೆ. ಹಗಲೆಲ್ಲ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಕೈ ತೊಳೆದು, ಸೀರೆ ಬದಲಾಯಿಸಿ ಟೆಂಪೋ ಹತ್ತಿದಳೆಂದರೆ ಆ ಸಂಜೆ ನಮ್ಮೆಲ್ಲರಿಗೂ ಅವಳೇ ಯಜಮಾನಿ. ಭಾವ ಪಾಪ, ‘ಹೋಗ್ಬಾರೇ, ಹುಳ ನಾನು ನೋಡ್ಕೊತೀನಿ’ ಅಂದು ಕಳಿಸುತ್ತಿದ್ದರು.

ಯಜಮಾನಿಯ ಕಾನೂನುಗಳು ಬಹಳ. ಸ್ಟೇಜಿನ ಮೇಲೆ ಎಲೆ ಅಡಿಕೆ ಹಾಕಬಾರದು. ಹಾಡು ಮುಗಿಯದೆ ಮದುಮಕ್ಕಳ ಕಡೆ ಬೆನ್ನು ತಿರುಗಿಸಬಾರದು. ಎಲ್ಲಕ್ಕಿಂತ ದೊಡ್ಡದು, ಕರೆಂಟ್ ಹೋದರೆ ಹಾಡು ನಿಲ್ಲಿಸಬಾರದು. ‘ನಿಲ್ಸಿದ್ರೆ ಜನ ಎದ್ದು ಊಟಕ್ಕೆ ಹೋಗ್ತಾರೆ ಕಣೋ, ಆಮೇಲೆ ಕುರ್ಚಿಗೆ ಹಾಡ್ಬೇಕು’ ಅನ್ನುತ್ತಿದ್ದಳು. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ. ಕೀಬೋರ್ಡ್ ಸತ್ತುಹೋಗುತ್ತಿತ್ತು, ಮೈಕ್ ಸತ್ತುಹೋಗುತ್ತಿತ್ತು. ನನ್ನದು ಹೊಟ್ಟೆ ಇರುವ ಮರದ ಗಿಟಾರ್ ಆದ್ದರಿಂದ ವೈರು ಇಲ್ಲದೆಯೂ ಸದ್ದು ಮಾಡುತ್ತಿತ್ತು. ಅದು, ಢೋಲಕ್, ಅಕ್ಕನ ಬರಿ ಗಂಟಲು. ಜನರೇಟರ್ ಹತ್ತುವವರೆಗೂ ನಾವು ಮೂವರೇ ಎಳೆದುಕೊಂಡು ಹೋಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಾವು ಚೆನ್ನಾಗಿ ಬಾರಿಸಿದ್ದು ಆ ಐದು ಹತ್ತು ನಿಮಿಷಗಳಲ್ಲೇ ಅನ್ನಿಸುತ್ತದೆ.

ಅಕ್ಕ ಸಂಗೀತ ಕಲಿತವಳಲ್ಲ. ಶ್ರುತಿ ಯಾವುದು ಹಿಡಿಯಲಿ ಎಂದು ಕೇಳಿದರೆ ‘ಅದೆಲ್ಲ ನಿಂಗೆ, ನಂಗೆ ಹಾಡು ಗೊತ್ತು, ಅಷ್ಟೇ’ ಅನ್ನುವವಳು. ಒಂದು ಸಲ ಅವಳ ದನಿ ಹೂವು ಅರಳಿದ ಹಾಗೆ ಕೂತಾಗ ನನ್ನ ಕೈ ಐದನೇ ಫ್ರೆಟ್ಟಿನಲ್ಲಿತ್ತು. ಫ್ರೆಟ್ ಎಂದರೆ ಗಿಟಾರಿನ ಕತ್ತಿಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ. ಒಂದು ಪಟ್ಟಿ ಹಿಂದೆ ಸರಿದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ. ಹಾಡು ಮುಗಿದ ತಕ್ಷಣ ಅಕ್ಕ ಹಣೆಯ ಸ್ಟಿಕ್ಕರ್ ಕಿತ್ತು ಅಲ್ಲಿ ಅಂಟಿಸಿಬಿಟ್ಟಳು. ‘ಇದು ನನ್ನ ಜಾಗ. ನಿನ್ನ ಕೈ ಇಲ್ಲಿದ್ರೆ ನನ್ನ ಗಂಟಲು ಇಲ್ಲಿರ್ತೈತೆ.’ ಅಂದಿನಿಂದ ಹಾಡು ಶುರುವಾಗುವ ಮುಂಚೆ ಒಮ್ಮೆ ವಾರೆಗಣ್ಣಲ್ಲಿ ನನ್ನ ಎಡಗೈ ನೋಡುವುದು ಅವಳಿಗೆ ಅಭ್ಯಾಸವಾಯಿತು. ಬೆರಳು ಸ್ಟಿಕ್ಕರ್ ಪಕ್ಕದಲ್ಲಿದೆಯಾ? ಸರಿ, ಶುರು.

ಎಲ್ಲ ಊರಲ್ಲೂ ಅವಳಿಂದ ಕೇಳಿ ಹಾಡಿಸುತ್ತಿದ್ದ ಹಾಡೊಂದಿತ್ತು. ಅದರ ಚರಣದಲ್ಲಿ ದನಿ ಮೇಲಕ್ಕೆ ಹೋಗಿ ಸುಮ್ಮನೆ ನಿಲ್ಲುವ ಒಂದು ಜಾಗ. ಅಲ್ಲಿಗೆ ಬಂದಾಗ ಊಟದ ಮನೆಯಲ್ಲಿ ಬಡಿಸುತ್ತಿದ್ದವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನಗೆ ಆಗ ಎಷ್ಟು ಜಂಬ ಬರುತ್ತಿತ್ತೆಂದರೆ, ಹಾಡುತ್ತಿರುವವನು ನಾನೇ ಅನ್ನುವಷ್ಟು.

ಆಮೇಲೆ ಅಕ್ಕನ ಕತ್ತಿನಲ್ಲಿ ಥೈರಾಯ್ಡ್ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ದೊಡ್ಡದೇನಲ್ಲ, ಪ್ರಾಣಕ್ಕೇನೂ ಇಲ್ಲ, ಆದರೆ ಮೇಲಿನ ದನಿ ಮೊದಲಿನ ಹಾಗೆ ಬರದೆ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾತು ಬಂತು, ಬೈಗುಳ ಬಂತು, ಹಾಡೂ ಬಂತು. ಚರಣದ ಆ ಜಾಗ ಮಾತ್ರ ಬರಲಿಲ್ಲ. ಅಲ್ಲಿಗೆ ಹೋದ ಕೂಡಲೇ ದನಿ ಬಟ್ಟೆ ಹರಿದ ಹಾಗೆ ಸೀಳುತ್ತಿತ್ತು.

ನಾನು ಬುದ್ಧಿವಂತ ನೋಡಿ. ಮಾಲೂರಿನ ಒಂದು ರಿಸೆಪ್ಷನ್ನಿನಲ್ಲಿ, ಅವಳಿಗೆ ಹೇಳದೆ, ಕೈಯನ್ನು ಎರಡು ಫ್ರೆಟ್ ಹಿಂದಕ್ಕೆ, ಮೂರನೇ ಫ್ರೆಟ್ಟಿಗೆ ಸರಿಸಿ ಶುರು ಮಾಡಿದೆ. ಅಕ್ಕನ ವಾರೆಗಣ್ಣು ಬಂತು. ಸ್ಟಿಕ್ಕರ್ ಒಂದು ಕಡೆ, ಕೈ ಒಂದು ಕಡೆ. ಪಲ್ಲವಿಯ ಅರ್ಧಕ್ಕೇ ಮೈಕ್ ಕೆಳಗಿಟ್ಟು ಸ್ಟೇಜ್ ಇಳಿದು ಹೋದಳು. ಹಿಂದೆ ಓಡಿದೆ.

‘ಅಕ್ಕಾ, ಎರಡೇ ಎರಡು ಇಳಿಸಿದ್ದು. ದೊಡ್ಡ ದೊಡ್ಡೋರೇ ಇಳಿಸ್ಕೊಂಡು ಹಾಡ್ತಾರೆ.’

‘ದೊಡ್ಡೋರು ಏನಾದ್ರೂ ಮಾಡ್ಕೊಳ್ಳಿ. ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ, ಹಂಗನ್ನಿಸ್ಕೊಳ್ಳಾ ನಾನು? ಆ ಜಾಗದಲ್ಲಿ ಆದ್ರೆ ಹಾಡ್ತೀನಿ. ಇಲ್ದಿದ್ರೆ ನಂಗೆ ನನ್ನ ಹುಳ ಐತೆ.’

ಅಷ್ಟೇ. ಒಂದು ವರ್ಷ ಅವಳು ಬಾಯಿ ಬಿಡಲಿಲ್ಲ. ಸೊಪ್ಪು ಕತ್ತರಿಸುವಾಗ ಸುಮ್ಮನೆ ಗುನುಗುವುದೂ ನಿಂತುಹೋಯಿತು ಎಂದು ಭಾವ ಫೋನಿನಲ್ಲಿ ಹೇಳಿದರು. ಬೇರೆ ಗಾಯಕಿಯರು ಬಂದರು, ಹಾಡಿದರು, ಹೋದರು. ನಾನು ಬಾರಿಸುತ್ತಿದ್ದೆ, ಆದರೆ ಯಾಂತ್ರಿಕವಾಗಿ, ಫ್ಯಾಕ್ಟರಿಯಲ್ಲಿ ಲಿವರ್ ಎಳೆದ ಹಾಗೆ.

ಆಗ ಕೀಬೋರ್ಡಿನವನು ಒಂದು ವಿಷಯ ಹೇಳಿದ. ಅವನ ಕೀಬೋರ್ಡಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಬೆರಳು ಅಲ್ಲೇ ಇರುತ್ತದೆ, ಶ್ರುತಿ ಇಳಿಯುತ್ತದೆ. ಗಿಟಾರಿಗೂ ಅಂಥದ್ದೊಂದು ಪೆಡಲ್ ಬಂದಿದೆಯಂತೆ. ಬೆಂಗಳೂರಿಗೆ ಹೋಗಿ ತಂದೆ. ಅಂಗೈ ಅಗಲದ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ವೈರು ಅದರೊಳಗೆ ಹೋಗಿ ಅಲ್ಲಿಂದ ಸ್ಪೀಕರಿಗೆ ಹೋಗುತ್ತದೆ. ಮೇಲೊಂದು ತಿರುಗಣಿ, ಒಂದು ಅಂಕಿಗೆ ಒಂದು ಫ್ರೆಟ್. ಎರಡಕ್ಕೆ ತಿರುಗಿಸಿ ಕಾಲಲ್ಲಿ ಒತ್ತಿದರೆ ತಂತಿ ಬಿಗಿಯಾಗಿಯೇ ಇರುತ್ತದೆ, ಬೆರಳು ಐದರಲ್ಲೇ ಇರುತ್ತದೆ, ಸ್ಪೀಕರಿನಲ್ಲಿ ಮಾತ್ರ ಮೂರನೇ ಫ್ರೆಟ್ಟಿನ ಶ್ರುತಿ ಬರುತ್ತದೆ. ಮೇಷ್ಟ್ರ ಹಾಡು ಬಂದಾಗ ಇನ್ನೊಮ್ಮೆ ಒತ್ತಿದರೆ ಮೊದಲಿನ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅದಕ್ಕೆಂದೇ ಯಾರೋ ಪುಣ್ಯಾತ್ಮ ಮಾಡಿಟ್ಟ ಹಾಗಿತ್ತು.

ಅವನೂ ಬಟನ್ ಒತ್ತಿ ಎರಡು ಇಳಿಸಬೇಕು, ಅಕ್ಕನಿಗೆ ಮಾತ್ರ ಹೇಳಬಾರದು ಎಂಬ ನನ್ನ ಉಪಾಯ ಕೇಳಿ ಕೀಬೋರ್ಡಿನವನ ಮುಖ ಬಿಳುಚಿತು. ಹೆದರಿದರೆ ಅವನ ಬಾಯಲ್ಲಿ ತೆಲುಗೇ ಬರುವುದು. ‘ವದ್ದು ಸಾಮೀ! ನಿಮ್ಮಕ್ಕಂಗೆ ಗೊತ್ತಾದ್ರೆ ನನ್ ಚರ್ಮ ಸುಲಿದು ಢೋಲಕ್ಕಿಗೆ ಹಾಕ್ತಾಳೆ’ ಅಂದ. ಕೈ ಕಾಲು ಹಿಡಿದು ಒಪ್ಪಿಸಿದೆ.

ಲಕ್ಕೂರಿನಲ್ಲಿ ನಮ್ಮ ಸಂಬಂಧಿಕರ ಮಗುವಿಗೆ ನಾಮಕರಣ, ನಮ್ಮದೇ ಆರ್ಕೆಸ್ಟ್ರಾ. ಅಕ್ಕ ಊಟಕ್ಕೆಂದು ಬಂದಿದ್ದಳು. ‘ಒಂದೇ ಒಂದು ಹಾಡಕ್ಕಾ, ನಿನ್ನ ಜಾಗದಲ್ಲೇ ಬಾರಿಸ್ತೀನಿ. ಬರದಿದ್ರೆ ಮನೆಯೋರ ಮುಂದೆ ತಾನೆ’ ಅಂದೆ. ಮಗುವಿನ ಅಜ್ಜಿಯೂ ಸೇರಿ ಬಲವಂತ ಮಾಡಿದರು. ಅಕ್ಕ ಮೈಕ್ ಹಿಡಿದು ನನ್ನ ಕೈ ನೋಡಿದಳು. ಸ್ಟಿಕ್ಕರ್ ಪಕ್ಕದಲ್ಲೇ ಬೆರಳು. ಕಾಲ ಹತ್ತಿರದ ಪೆಟ್ಟಿಗೆ ನೋಡಿದಳು. ‘ಅದೇನೋ?’ ‘ಸೌಂಡ್ ಕ್ಲೀನ್ ಮಾಡುತ್ತೆ’ ಅಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ, ಅವಳಿಗೆ ಅದು ಚಿಕ್ಕಂದಿನಿಂದ ಗೊತ್ತು, ಅವತ್ತು ನೋಡಲಿಲ್ಲ.

ಹಾಡಿದಳು. ಚರಣ ಬಂತು. ದನಿ ಮೇಲೆ ಹೋಯಿತು, ನಿಂತಿತು. ಸೀಳಲಿಲ್ಲ. ಹಾಡು ಮುಗಿಸಿ ಮೈಕನ್ನು ಯಾರದೋ ಕೈಗೆ ತುರುಕಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಬಂತು ಕಣೋ! ನನ್ನ ಗಂಟಲು ವಾಪಸ್ ಬಂತು ಕಣೋ!’ ಅಳುತ್ತಿದ್ದಳು. ನಾನೂ ಅತ್ತೆ. ಅವಳು ಸಂತೋಷಕ್ಕೆ, ನಾನು ಭಯಕ್ಕೆ.

ಆಮೇಲಿನ ಎರಡು ವರ್ಷ ನನ್ನ ಬದುಕಿನ ಚೆಂದದ ವರ್ಷಗಳು, ಕೆಟ್ಟ ವರ್ಷಗಳೂ ಹೌದು. ಟೆಂಪೋದಲ್ಲಿ ಮತ್ತೆ ಅಕ್ಕನ ನಗು, ದಾರಿಯಲ್ಲಿ ಇಡ್ಲಿ, ಮುಳಬಾಗಿಲಿನ ಜನ ತೆಲುಗು ಹಾಡು ಕೇಳಿದರೆ ಅದಕ್ಕೂ ಸೈ. ಆದರೆ ಅವಳು ದೇವರಿಗೆ ತೆಂಗಿನಕಾಯಿ ಒಡೆದಳು. ಡಾಕ್ಟರಿಗೆ ಹೋಗಿ ‘ನೀವು ಬರಲ್ಲ ಅಂದ್ರಿ, ಬಂತು ನೋಡಿ ಸಾರ್’ ಅಂದು ಬಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ದೊಡ್ಡ ಫಜೀತಿ ಎಂದರೆ ಮನೆಯಲ್ಲಿ ಪ್ರಾಕ್ಟೀಸು. ಪೆಡಲ್ ಬದಲಾಯಿಸುವುದು ಸ್ಪೀಕರಿನ ದನಿಯನ್ನು ಮಾತ್ರ, ತಂತಿಯನ್ನಲ್ಲ. ಸ್ಪೀಕರ್ ಜೋರಾಗಿದ್ದರೆ ತಂತಿಯ ಸ್ವಂತ ದನಿ ಯಾರಿಗೂ ಕೇಳುವುದಿಲ್ಲ. ವೈರಿಲ್ಲದೆ ಬಾರಿಸಿದರೆ ಅದೇ ಹಳೆಯ ಶ್ರುತಿ. ಅದಕ್ಕೇ ಅಕ್ಕ ‘ಗಿಟಾರ್ ತಗೊಂಡು ಬಾರೋ’ ಎಂದಾಗಲೆಲ್ಲ ಒಂದೊಂದು ನೆಪ. ಶಿಫ್ಟ್ ಇದೆ. ತಂತಿ ಹೋಗಿದೆ. ಒಂದು ಸಲ ಏನೂ ತೋಚದೆ ‘ನಿನ್ನ ಹುಳ ಜ್ವರಕ್ಕೆ ಕೂತಿರ್ತಾವೆ, ಗಲಾಟೆ ಯಾಕೆ’ ಅಂದೆ. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ‘ನನ್ನ ಹುಳದ ಮೇಲೆ ನಿಂಗೆ ಯಾವಾಗಿಂದ ಬಂತೋ ಇಷ್ಟೊಂದು ಪ್ರೀತಿ!’ ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

ಅಲ್ಲಿಯವರೆಗೆ ನನ್ನ ಪುಣ್ಯಕ್ಕೆ ಕರೆಂಟ್ ಹೋಗಿದ್ದೆಲ್ಲ ಮೇಷ್ಟ್ರ ಹಾಡಿನಲ್ಲೇ. ಸಿಕ್ಕಿಬಿದ್ದಿದ್ದು ಶ್ರೀನಿವಾಸಪುರದಲ್ಲಿ. ಮಾವಿನ ಕಾಲ, ಹಣ್ಣಿನ ಮಂಡಿ ಇಟ್ಟವರ ಮನೆ ರಿಸೆಪ್ಷನ್, ಮುಸ್ಸಂಜೆ. ಅದೇ ಹಾಡು. ಚರಣದ ಮೊದಲ ಸಾಲಿಗೆ ಕರೆಂಟ್ ಹೋಯಿತು.

ಅಲ್ಲೇ ನಿಲ್ಲಿಸಿದ್ದರೆ ಆಗಿತ್ತು. ಬೇರೆ ಯಾರೇ ಆದರೂ ನಿಲ್ಲಿಸುತ್ತಿದ್ದರು. ಆದರೆ ಕರೆಂಟ್ ಹೋದರೆ ನಿಲ್ಲಿಸಬಾರದು. ಆ ಕಾನೂನು ನನ್ನ ಕೈಯೊಳಗೆ ಇಳಿದುಹೋಗಿತ್ತು. ಅಕ್ಕ ಬರಿ ಗಂಟಲಲ್ಲಿ ಮುಂದುವರಿಸಿದಳು, ಢೋಲಕ್ಕಿನವನು ಮುಂದುವರಿಸಿದ, ನನ್ನ ಕೈಯೂ ಮೀಟುತ್ತಾ ಹೋಯಿತು. ಪೆಟ್ಟಿಗೆ ಸತ್ತಿತ್ತು. ಸ್ಪೀಕರ್ ಸತ್ತಿತ್ತು. ಉಳಿದಿದ್ದು ತಂತಿ, ಇಳಿಸದ ತಂತಿ. ಅಕ್ಕನ ದನಿ ಒಂದು ಕಡೆ, ಗಿಟಾರ್ ಎರಡು ಫ್ರೆಟ್ ಮೇಲೆ ಇನ್ನೊಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಮುಂದಿನ ಸಾಲಿನ ಕುರ್ಚಿಯ ಮುದುಕಪ್ಪ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ.

ಅಕ್ಕ ಹಾಡು ನಿಲ್ಲಿಸಿದಳು. ಅವಳ ಕಾನೂನನ್ನು ಅವಳೇ ಮುರಿದದ್ದು ನಾನು ನೋಡಿದ್ದು ಅದೊಂದೇ ಸಲ. ನನ್ನ ಕೈ ನೋಡಿದಳು: ಸ್ಟಿಕ್ಕರ್ ಪಕ್ಕದಲ್ಲೇ ಇತ್ತು. ಪೆಟ್ಟಿಗೆ ನೋಡಿದಳು. ನನ್ನ ಕಿವಿ ನೋಡಿದಳು. ಜನರೇಟರ್ ಹತ್ತಿತು, ದೀಪ ಬಂತು. ಅಕ್ಕ ಮೈಕ್ ಎತ್ತಿಕೊಂಡು ‘ಕ್ಷಮಿಸಿ’ ಅಂದು ಚರಣವನ್ನು ಮೊದಲಿಂದ ಹಾಡಿದಳು. ಉಳಿದ ಹಾಡುಗಳನ್ನೂ ಹಾಡಿದಳು, ನಗುನಗುತ್ತಲೇ. ನನ್ನ ಕೈಯನ್ನು ಮಾತ್ರ ಮತ್ತೆ ನೋಡಲಿಲ್ಲ. ಬರುವಾಗ ಟೆಂಪೋದಲ್ಲಿ ಡ್ರೈವರ್ ಪಕ್ಕ ಹೋಗಿ ಕೂತಳು.

ಎರಡು ವಾರ ಫೋನ್ ಎತ್ತಲಿಲ್ಲ. ಮೂರನೇ ಭಾನುವಾರ ಗಿಟಾರು, ಪೆಟ್ಟಿಗೆ, ಒಂದು ಪುಟ್ಟ ಸ್ಪೀಕರ್ ಎಲ್ಲ ಬೈಕಿಗೆ ಕಟ್ಟಿಕೊಂಡು ನಾನೇ ಹೋದೆ. ಅಕ್ಕ ಜಗಲಿಯಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

‘ಎಷ್ಟು ಇಳಿಸಿದ್ದೆ?’

‘ಎರಡು.’

‘ಯಾವಾಗಿಂದ?’

‘ಲಕ್ಕೂರಿಂದ.’

ಕತ್ತಿ ನಿಂತಿತು. ‘ದೇವ್ರಿಗೆ ಕಾಯಿ ಒಡೆದ್ನಲ್ಲೋ! ಡಾಕ್ಟ್ರ ಮುಂದೆ ಮೆರೆದ್ನಲ್ಲೋ, ನಾಚಿಕೆ ಇಲ್ದೋಳ ಥರ! ಕರೆಂಟ್ ಹೋಗ್ದಿದ್ರೆ ಸಾಯೋವರ್ಗೂ ಹಿಂಗೇ ಆಟ ಆಡಿಸ್ತಿದ್ಯಾ?’

‘ನೀನು ಹಾಡದೇ ಇದ್ದಿದ್ದು ನಂಗೆ ನೋಡಕ್ಕಾಗ್ಲಿಲ್ಲಕ್ಕಾ.’

‘ಗಂಟಲು ಹೋಗಿದ್ದು ನಂದು. ಅಳೋದೂ ನಂದೇ ಕಣೋ. ಅದನ್ನೂ ಕಿತ್ಕೊಂಡ್ಯಲ್ಲ.’

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಎರಡು ವರ್ಷದ ಹಿಂದೆ ಅಳಬೇಕಾಗಿದ್ದ ಅಳು. ನಾನು ಪಕ್ಕದಲ್ಲಿ ಕೂತು ಸೊಪ್ಪು ಕತ್ತರಿಸಿದೆ, ಒರಟೊರಟಾಗಿ. ಭಾವ ಬಾಗಿಲಿಗೆ ಬಂದು ನೋಡಿ ಹಾಗೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕ ಮೂಗು ಒರೆಸಿಕೊಂಡು ‘ಇಷ್ಟ್ ದಪ್ಪ ಕತ್ತರಿಸಿದ್ರೆ ಹುಳ ತಿಂತಾವೇನ್ಲಾ’ ಎಂದು ಕತ್ತಿ ಕಿತ್ತುಕೊಂಡಳು. ಆಗ ನನಗೆ ಜೀವ ಬಂತು.

ಮುದ್ದೆ ಸಾರು ಉಂಡಾದ ಮೇಲೆ ಅವಳೇ ಅಂದಳು: ‘ಹಚ್ಚೋ ಆ ಪೆಟ್ಟಿಗೆನ. ಮೂರಕ್ಕೆ ಇಡು.’

‘ಮೂರಾ?’

‘ಎರಡ್ರಲ್ಲೂ ಅಲ್ಲಿ ಎಳೀತಿತ್ತು. ವಾಪಸ್ ಬಂದೈತಲ್ಲ ಅಂತ ಹಲ್ಲು ಕಚ್ಕೊಂಡು ಹಾಡ್ತಿದ್ದೆ.’

ಮೂರಕ್ಕೆ ಇಟ್ಟೆ. ಹಾಡಿದಳು. ಸಲೀಸಾಗಿ, ಕೂತಲ್ಲೇ, ಕತ್ತಿನ ನರ ಉಬ್ಬಿಸದೆ. ಆ ಜಾಗದಲ್ಲಿ ನಿಂತಾಗ ಕಣ್ಣು ಮುಚ್ಚಿಕೊಂಡಳು. ಹಳೆಯ ದನಿಯಲ್ಲ ಅದು. ಸ್ವಲ್ಪ ಮಂದ, ಸ್ವಲ್ಪ ವಯಸ್ಸಾದದ್ದು. ನನಗೆ ಅದೂ ಇಷ್ಟವಾಯಿತು, ಹೇಳಿದೆ ಕೂಡ.

‘ಇನ್ನು ಕಳ್ಳಾಟ ಬೇಡಕ್ಕಾ, ತಂತೀನೇ ಸಡಿಲ ಮಾಡ್ತೀನಿ’ ಎಂದು ಗಿಟಾರಿನ ಬಿರಡೆಗೆ ಕೈ ಹಾಕಿದೆ. ಅಕ್ಕ ಪಟ್ಟನೆ ನನ್ನ ಮಣಿಕಟ್ಟು ಹಿಡಿದಳು.

‘ತಂತಿಗೆ ಕೈ ಹಚ್ಬೇಡ. ಪೆಟ್ಟಿಗೆ ಎಷ್ಟಾದ್ರೂ ಇಳಿಸ್ಕೋ. ಅದು ಹಂಗೇ ಇರ್ಲಿ.’

ಬಿರಡೆಯಿಂದ ಕೈ ತೆಗೆದೆ. ಆರ್ಕೆಸ್ಟ್ರಾ ಈಗಿಲ್ಲ, ವರ್ಷಕ್ಕೆ ಒಂದೆರಡು ಸಲ ಯಾರಾದರೂ ಹಳಬರು ಕರೆದರೆ ಹೋಗುತ್ತೇವೆ, ಪೆಟ್ಟಿಗೆ ನಾಲ್ಕರಲ್ಲಿರುತ್ತದೆ. ಹೊಸ ತಂತಿ ಹಾಕಿದರೂ ಅದೇ ಹಳೆಯ ಬಿಗಿಗೆ ಹಾಕುತ್ತೇನೆ. ಅಕ್ಕ ನಮ್ಮ ಮನೆಗೆ ಬಂದಾಗ, ನಾನು ಒಳಗೆ ಕಾಫಿಗೆ ಹೇಳುತ್ತಿರುವಾಗ, ಗೋಡೆಗೆ ಒರಗಿಸಿದ ಗಿಟಾರಿನ ಹತ್ತಿರ ಹೋಗುತ್ತಾಳೆ. ಸ್ಟಿಕ್ಕರ್ ಇರುವ ಕಡೆ ಎಡಗೈ ಬೆರಳು ಒತ್ತಿ, ಬಲಗೈ ಹೆಬ್ಬೆರಳಲ್ಲಿ ಒಂದು ಸಲ ಮೀಟುತ್ತಾಳೆ. ಆ ಹಳೆಯ ಶ್ರುತಿಯ ಸದ್ದು ಪೂರ್ತಿ ಆರುವ ತನಕ ಕಿವಿ ಕೊಟ್ಟು ನಿಲ್ಲುತ್ತಾಳೆ. ನಾನು ಕಾಫಿ ಹಿಡಿದು ಬಾಗಿಲ ಹಿಂದೆಯೇ ಕಾಯುತ್ತೇನೆ.