ಲಾಳಿ ಚೆಂಡಿನ ಸಂಘದಲ್ಲಿ ನಾನು ಗೆದ್ದ ವಾದ

ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ನಾವು ಚೀಟಿ ಎತ್ತುತ್ತಿದ್ದೆವು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಐದು ನಿಮಿಷ ಯೋಚಿಸಿ ಎದ್ದು ನಿಂತರೆ ಚೀಟಿಯಲ್ಲಿದ್ದದ್ದೇ ನಮ್ಮ ನಂಬಿಕೆ. ಸೋತವನ ಮುಖ ನೋಡುವ ರೂಢಿ ಇರಲಿಲ್ಲ. ಈ ವಿದ್ಯೆಯನ್ನು ನಾನು ನಮ್ಮ ನೇಕಾರರ ಊರು ಬೆಟಗೇರಿಗೆ ತಂದದ್ದು ಏಕೀಕರಣದ ವರ್ಷ.

ಬೆಟಗೇರಿಯಲ್ಲಿ ನಮ್ಮದೊಂದು ಆಟದ ಸಂಘವಿತ್ತು. ಅದರ ಚೆಂಡು ದುಂಡಗಿರಲಿಲ್ಲ, ಎರಡೂ ತುದಿ ಚೂಪಾದ ಮಗ್ಗದ ಲಾಳಿಗೆ ಗಾಳಿ ತುಂಬಿದ ಹಾಗಿತ್ತು. ಹಾಗಾಗಿ ಊರಿನವರ ಬಾಯಲ್ಲಿ ಅದು ಲಾಳಿ ಚೆಂಡು. ಒಂದೊಂದು ಕಡೆ ಹದಿಮೂರು ಜನ. ಚೆಂಡನ್ನು ಎದೆಗೆ ಅವಚಿಕೊಂಡು ಮುಂದೆ ಓಡಬೇಕು, ಕೊಡುವುದಾದರೆ ಹಿಂದಿನವನಿಗೇ ಕೊಡಬೇಕು. ಹಿಡಿದು ಕೆಡವುವುದು ಹುತುತು, ಅಂದರೆ ಕಬಡ್ಡಿ, ಆಡಿದವರಿಗೆ ಹೊಸದಲ್ಲ. ಬಿದ್ದವನು ಎದ್ದು ಹಿಮ್ಮಡಿಯಿಂದ ಚೆಂಡನ್ನು ಹಿಂದಕ್ಕೆ ಉರುಳಿಸುವುದಿತ್ತಲ್ಲ, ಅದೊಂದನ್ನು ಕಲಿಯಲು ವರ್ಷ ಹಿಡಿಯಿತಂತೆ. ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ, ಆದ್ದರಿಂದ ಪಂದ್ಯವೂ ಸಭೆಯೂ ಅಮಾವಾಸ್ಯೆಗೇ. ಲಕ್ಷ್ಮೇಶ್ವರ, ಶಿರಹಟ್ಟಿಯ ಹುಡುಗರು ಬೇರೆ ಸಂಸ್ಥಾನಗಳ ಪ್ರಜೆಗಳಾಗಿದ್ದ ಕಾಲದಲ್ಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ನಾಡು ಒಂದಾಗುವ ಮೊದಲೇ ನಮ್ಮ ಮೈದಾನದಲ್ಲಿ ಒಂದಾಗಿ ಜಗಳಾಡುತ್ತಿದ್ದರು.

ಆಟ ಕಲಿಸಿದವನು ಗದಗ ಸ್ಟೇಷನ್ನಿನಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದ ಒಬ್ಬ ಐರಿಶ್ ಮನುಷ್ಯ. ಸ್ವಾತಂತ್ರ್ಯ ಬರುವ ಮುಂಚೆಯೇ ತನ್ನ ದೇಶಕ್ಕೆ ಮರಳಿದ. ಸಂಘದ ಕೋಣೆಯಲ್ಲಿ ಅವನ ಗುರುತಾಗಿ ಉಳಿದದ್ದು ಒಂದು ಫೋಟೋ. ನಡುವೆ ಅವನು, ಸುತ್ತ ಹನ್ನೆರಡು ನೇಕಾರರು, ಎಲ್ಲರ ಅಂಗಿಯ ಮೇಲೂ ಅವನ ದೇಶದ ಹಸಿರು ಪಟ್ಟೆ. ಫೋಟೋದಲ್ಲಿ ಅದು ಕಪ್ಪಾಗಿ ಕಾಣುತ್ತಿತ್ತು. ಆ ಬಟ್ಟೆ ನೇಯ್ದವನು ಬಲತುದಿಗೆ ನಿಂತಿದ್ದ ತೆಳ್ಳನೆಯ ಹುಡುಗ. ಹನ್ನೆರಡು ಜನರಲ್ಲಿ ಬದುಕಿ ಉಳಿದವನು ಅವನೊಬ್ಬನೇ. ಈಗ ವಯಸ್ಸಾಗಿದ್ದ ಅವರಿಗೆ ನಾನು ಕಾಕಾ ಅನ್ನುತ್ತಿದ್ದೆ. ಅವರದು ಅಂತ ಇದ್ದ ಫೋಟೋ ಅದೊಂದೇ.

ಏಕೀಕರಣದ ಸಮಾರಂಭಕ್ಕೆ ಬರುವ ಅತಿಥಿಗಳು ಸಂಘಕ್ಕೂ ಬರುವವರಿದ್ದರು. ಗೋಡೆಯ ಮೇಲೆ ಬಿಳಿಯನ ಫೋಟೋ ಇರಬೇಕೋ ಬೇಡವೋ ಎಂದು ಸಭೆ ಕೂಡಿತು. ಬೇಡ ಎಂದು ವಾದಿಸಿದವನು ನಾನು. ಅಂದು ಚೀಟಿ ಎತ್ತಿರಲಿಲ್ಲ. ಸಂಘದ ಅಧ್ಯಕ್ಷರಿಗೆ ಫೋಟೋ ತೆಗೆಸುವ ಮನಸ್ಸಿತ್ತು. ಅತಿಥಿಗಳೆದುರು ಸ್ವಾಗತ ಭಾಷಣ ಯಾರಿಗೆ ಎನ್ನುವುದೂ ಅವರ ಕೈಯಲ್ಲೇ ಇತ್ತು.

ಕಾಕಾ ಎದ್ದರು. “ಅಂವ ಇಂಗ್ಲೀಷರಾಂವ ಅಲ್ರೀ. ಅವನ ದೇಶದ ಮ್ಯಾಲೂ ಅವರದ ರಾಜ್ಯ ಇತ್ತು.”

“ಅಂದರ ಬಿಳ್ಯಾರಾಗೂ ಮಡಿ ಮೈಲಿಗಿ ಐತೇನ್ರಿ ಕಾಕಾ?” ಅಂದೆ. ಎಲ್ಲರೂ ನಕ್ಕರು.

“ನಗಬ್ಯಾಡ್ರಿ. ಚಲೇಜಾವ್ ಚಳವಳ್ಯಾಗ ನಮ್ಮವರು ನಾಕ ಮಂದಿ ಟೆಲಿಗ್ರಾಫ್ ತಂತಿ ಕಡಿದು ಬಂದ್ರು, ಬೆನ್ನಿಗೇ ಪೊಲೀಸರು ಬಂದ್ರು. ‘ಇವರು ಮುಂಜಾನಿಂದ ನನ್ನ ಜೋಡಿ ಆಡಾಕತ್ತಾರ’ ಅಂತ ಸುಳ್ಳ ಹೇಳಿ ಉಳಿಸಿದಾಂವ ಅಂವ.”

“ಯಾರನ್ನ ಉಳಿಸಿದಾ? ಬರವಣಿಗಿ ಐತೇನು? ಸಾಕ್ಷಿ ಯಾರು?”

ಕಾಕಾ ನನ್ನ ಕಡೆ ತಿರುಗಿ ಏನೋ ಹೇಳಹೊರಟರು. “ಆತು ಬಿಡು ತಮ್ಮಾ” ಎಂದು ಕುಳಿತರು. ಚಪ್ಪಾಳೆ ಬಿತ್ತು.

ಅವರು ಯಾಕೆ ಸುಮ್ಮನಾದರೆಂದು ನನಗೆ ಗೊತ್ತಿತ್ತು. ಆ ನಾಲ್ವರಲ್ಲಿ ನಮ್ಮಪ್ಪನೂ ಒಬ್ಬ. ತೀರಿಕೊಳ್ಳುವ ಮುಂಚೆ ಎಷ್ಟೋ ಸಲ ರೊಟ್ಟಿ ಮುರಿಯುತ್ತ ಆ ಸಂಗತಿ ಹೇಳಿದ್ದ. ಕೈಗೆ ತಂತಿ ತರಚಿದ್ದು ಪೊಲೀಸರಿಗೆ ಕಾಣಬಾರದೆಂದು ಆ ಮನುಷ್ಯ ನಾಲ್ವರನ್ನೂ ಒಬ್ಬೊಬ್ಬರಾಗಿ ಹಿಡಿದು ಕೆಸರಿನಲ್ಲಿ ಕೆಡವಿದನಂತೆ. ಅದನ್ನು ಹೇಳಿ ಅಪ್ಪ ನಗುತ್ತಿದ್ದ. ಸಾಕ್ಷಿ ಯಾರು ಎಂದು ಕೂಗಿದವನು ಅವನ ಮಗ.

ಫೋಟೋ ಕೋಣೆಯ ಮೂಲೆಯಲ್ಲಿದ್ದ ನೂಲಿನ ಚೀಲಗಳ ಹಿಂದೆ ಹೋಯಿತು. ನನ್ನ ಸ್ವಾಗತ ಭಾಷಣ ಬಹಳ ಚೆನ್ನಾಗಿ ಆಯಿತು. ಕಾಕಾ ಸಂಘಕ್ಕೆ ಬರುವುದನ್ನು ಬಿಟ್ಟರು.

ಎರಡು ತಿಂಗಳು ತಡೆದು ಅವರ ಮನೆಗೆ ಹೋದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. “ತಪ್ಪಾತ್ರಿ ಕಾಕಾ” ಅಂದೆ. ಲಾಳಿ ನಿಲ್ಲಲಿಲ್ಲ.

“ನೀ ಎರಡೂ ಕಡಿ ಮಾತಾಡಾಕ ಕಲತಾಂವ ಅಂತಲ್ಲಾ. ಈಗ ನನ್ನ ಕಡಿಂದ ಮಾತಾಡು. ಅವತ್ತ ನಾ ಏನನ್ನಬೇಕಿತ್ತು, ಕೇಳೂಣು.”

ಮಾತಾಡಿದೆ. ಎಲ್ಲೂ ತಡವರಿಸಲಿಲ್ಲ. ಐರ್ಲೆಂಡಿನವರು ಇಂಗ್ಲೀಷರ ವಿರುದ್ಧ ಬಡಿದಾಡಿದ್ದು, ತಂತಿ, ಪೊಲೀಸರು, ಕೆಸರು, ಅಪ್ಪ. ಒಂದರ ಹಿಂದೆ ಒಂದು ಸರಾಗವಾಗಿ ಬಂದವು. ಬಂದಷ್ಟೂ ನಾಚಿಕೆಯಾಯಿತು. ಮುಗಿಯುವ ಹೊತ್ತಿಗೆ ಮಗ್ಗ ನಿಂತಿತ್ತು.

“ಚಲೋ ಮಾತಾಡಿದಿ. ಇದೆಲ್ಲ ಅವತ್ತೂ ಗೊತ್ತಿತ್ತೇನು?”

“ಗೊತ್ತಿತ್ರಿ.”

“ನಿಮ್ಮಪ್ಪನ ಹೆಸರು ನನ್ನ ಬಾಯಿತನಕ ಬಂದಿತ್ತು. ಅಷ್ಟು ಮಂದ್ಯಾಗ ನಿನ್ನ ಮಾರಿ ಸಣ್ಣದಾಗೂದು ಬ್ಯಾಡ ಅಂತ ಬಿಟ್ಟೆ. ಈಗ ನನಗ ಹೇಳಿದ್ರ ಏನು ಬಂತು? ಅಲ್ಲಿ ಹೋಗಿ ಹೇಳು.”

ಮುಂದಿನ ಅಮಾವಾಸ್ಯೆಗೆ ಹೋಗಿ ಎಲ್ಲ ಹೇಳಿದೆ, ಅಪ್ಪನ ಹೆಸರು ಹಿಡಿದು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಅಧ್ಯಕ್ಷರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಹುಡುಗನ ಬುದ್ಧಿ ನೋಡ್ರಿ! ಅವತ್ತ ಆ ಕಡಿ, ಇವತ್ತ ಈ ಕಡಿ. ಸತ್ತ ಅಪ್ಪನ್ನೂ ಎಬ್ಬಿಸಿಕೊಂಡು ಬಂದ!”

“ಖರೇನ ಹೇಳಾಕತ್ತೀನ್ರಿ.”

“ಬರವಣಿಗಿ ಐತೇನು?” ಹಿಂದಿನಿಂದ ಯಾರೋ ನನ್ನದೇ ದನಿಯಲ್ಲಿ ಕೂಗಿದರು. ಮತ್ತೆ ನಗೆ.

ಬಾಗಿಲ ಹತ್ತಿರ ಕಾಕಾ ನಿಂತಿದ್ದರು. ಅವರು ನಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ನೂಲಿನ ಚೀಲಗಳ ಕಡೆ ಒಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ಈಗಲೂ ಪ್ರತಿ ಅಮಾವಾಸ್ಯೆಗೆ ನಾನು ಎದ್ದು ಫೋಟೋ ಮತ್ತೆ ಗೋಡೆಗೆ ಹಾಕಿರೆಂದು ಕೇಳುತ್ತೇನೆ. “ಶುರುವಾತು ಇವನ ಭಾಷಣ” ಎಂದು ನಗುತ್ತ ಸಭೆಯವರು ಚಹಾ ತರಿಸುತ್ತಾರೆ.