ಅಣ್ಣನ ಕಂಪನಿ

ಮಧ್ಯಾಹ್ನದ ನಿದ್ದೆ ಅರ್ಧಂಬರ್ಧ ಹತ್ತುವಾಗ ನನಗೆ ಈಗಲೂ ಕೆ.ಆರ್. ಪೇಟೆಯ ನಮ್ಮ ಅಂಗಡಿಯೇ ಕಣ್ಣಮುಂದೆ ಬರುತ್ತದೆ. ಬಸ್ ಸ್ಟ್ಯಾಂಡಿನ ಎದುರು ತಗ್ಗು ಬಾಗಿಲು, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ ಬಟನ್ ಫೋನುಗಳು. ಹೊರಗೆ ಧೂಳು, ಕಬ್ಬಿನ ಟ್ರಾಕ್ಟರುಗಳ ಸದ್ದು. ಒಳಗೆ ಯಾವುದೋ ಫೋನು ತಾನಾಗೇ ಕುಂಯ್ ಎಂದು ಸುಮ್ಮನಾಗುತ್ತದೆ. ನಾನು ಆ ಗಾಜನ್ನು ಒರೆಸುತ್ತಲೇ ಇರುತ್ತೇನೆ, ಅದು ಮುಗಿಯುವುದೇ ಇಲ್ಲ. ಎಚ್ಚರವಾದರೆ ನಾಗಮಂಗಲದ ಗಂಡನ ಮನೆ, ಪಕ್ಕದಲ್ಲಿ ಮಗಳು. ಅವಳ ಕಿವಿಯ ಓಲೆ ಕಂಡಾಗೆಲ್ಲ ಅಣ್ಣ ನೆನಪಾಗುತ್ತಾನೆ. ಸೊಸೆಯನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಬೇಕು ಅನ್ನುವುದು ನಮ್ಮಣ್ಣನಿಗಿದ್ದ ಒಂದೇ ಒಂದು ಆಸೆ. ನಮ್ಮ ಕಡೆ ಅದು ಸೋದರಮಾವನ ಹಕ್ಕು.

ಅಂಗಡಿ ಅಣ್ಣನದು. ಮಾರುತ್ತಿದ್ದುದು ಒಂದೇ ಕಂಪನಿಯ ಫೋನು. ನಮ್ಮ ಸೀಮೆಯವರು ಮೊದಲು ಕಂಡ ಮೊಬೈಲೇ ಅದು. ಜನ ಅಂಗಡಿಗೆ ಬಂದು ಮೊಬೈಲು ಕೊಡಿ ಅನ್ನುತ್ತಿರಲಿಲ್ಲ, ಆ ಕಂಪನಿಯ ಹೆಸರು ಹೇಳಿ ಒಂದು ಕೊಡಿ ಅನ್ನುತ್ತಿದ್ದರು. ಶೀಳನೆರೆ, ಬೂಕನಕೆರೆಯವರಷ್ಟೇ ಅಲ್ಲ, ಪಾಂಡವಪುರ, ಶ್ರೀರಂಗಪಟ್ಟಣದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಮಾಕವಳ್ಳಿ ಕಾರ್ಖಾನೆಯ ಮುಂದೆ ಕಬ್ಬಿನ ಲೋಡು ಇಳಿಸಲು ಕಾಯುವವರಿಗೆ ಅದರ ಟಾರ್ಚು ಬೇಕು, ಬೇಗ ಇಳಿಯದ ಚಾರ್ಜು ಬೇಕು. ಬಿಸಿ ದೋಸೆಯ ಹಾಗೆ ಖರ್ಚಾಗುತ್ತಿತ್ತು.

ಕೊಂಡವರು ಮೊದಲ ಫೋನನ್ನು ಅಂಗಡಿಯಲ್ಲೇ ನಿಂತು ಮಾಡಬೇಕು, ಅದು ಅಣ್ಣನ ಪದ್ಧತಿ. “ಅಲೋ, ನಾನು ಕಣಮ್ಮಿ, ಪ್ಯಾಟೆಯಿಂದ ಮಾತಾಡ್ತಾ ಇವ್ನಿ!” ಎಂದು ಹೆಂಡತಿಗೆ ಕೂಗಿ ಹೇಳುವಾಗ ಆ ಮುಖಗಳನ್ನು ನೋಡಬೇಕಿತ್ತು. ಅತ್ತಲಿಂದ ದನಿ ಬಂದೊಡನೆ ಎಂಥ ಗಡಸು ಗಂಡಸೂ ಕಣ್ಣು ಮುಚ್ಚಿಬಿಡುತ್ತಿದ್ದ. ಅಣ್ಣ ನನ್ನ ಕಡೆ ನೋಡಿ ಮೀಸೆಯಲ್ಲೇ ನಗುತ್ತಿದ್ದ. ಆ ದಿನಗಳಲ್ಲಿ ನಮ್ಮ ಅಂಗಡಿಯೇ ಲೋಕದ ನಡುಮಧ್ಯೆ ಇದೆ ಅಂತ ನಾನು ನಂಬಿದ್ದೆ.

ನನ್ನ ಮದುವೆಯ ಹೊತ್ತಿಗೆ ರಸ್ತೆಯ ಆಚೆ ಬದಿ ಇನ್ನೊಂದು ಅಂಗಡಿ ಬಂತು. ಅಲ್ಲಿ ಬಟನ್ನೇ ಇಲ್ಲದ ಫೋನು, ಬೆರಳಲ್ಲಿ ಉಜ್ಜಿದರೆ ಸಾಕು. ಕಂಪನಿಯ ಕಡೆಯಿಂದ ಮೈಸೂರಿನಿಂದ ಬರುತ್ತಿದ್ದ ಒಬ್ಬಾತ ನಮ್ಮ ಅಂಗಡಿಯಲ್ಲಿ ಟೀ ಕುಡಿಯುತ್ತಾ ಧೈರ್ಯ ಹೇಳಿದ. “ಇದೆಲ್ಲ ನಾಲ್ಕು ದಿನದ ಶೋಕಿ ಸಾರ್. ಬಟನ್ ಒತ್ತಿದ ಕೈ ಬಟನ್ನೇ ಕೇಳುತ್ತೆ. ಫೋನ್ ಇರೋದು ಮಾತಾಡೋಕೆ.” ಅಣ್ಣ ಅದನ್ನು ವೇದವಾಕ್ಯ ಮಾಡಿಕೊಂಡ.

ನನಗೋ ಮೂಗಿನ ತುದಿಯಲ್ಲೇ ಕೋಪ. “ಅಣ್ಣ, ಕಣ್ ಬುಟ್ಟು ಆಚೆ ನೋಡು. ನಮ್ ಗಿರಾಕಿಗಳೆಲ್ಲ ಅಲ್ಲಿ ನಿಂತವ್ರೆ” ಅಂದೆ.

“ಸುಮ್ಕಿರವ್ವ. ಈ ಸೀಮೆಗೆ ಮೊದ್ಲು ಮೊಬೈಲ್ ತಂದೋರು ನಾವು. ನಮ್ಗಿಂತ ಅವ್ರಿಗೆ ಗೊತ್ತಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಕಂಪನಿಗೂ ಹಾಗೇ, ನಮ್ಮಣ್ಣನಿಗೂ ಹಾಗೇ. ಕೊನೆಗೆ ಕಂಪನಿಯೂ ಉಜ್ಜುವ ಫೋನು ಮಾಡಿತು, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. ಊರವರೆಲ್ಲ ಬಳಸುತ್ತಿದ್ದ ಆ್ಯಪುಗಳು ಅದರಲ್ಲಿ ನೆಟ್ಟಗೆ ಬರುತ್ತಿರಲಿಲ್ಲ. ಕೊಂಡವರು ತಂದು ಅಣ್ಣನ ಮುಂದಿಟ್ಟು ಹೋದರು. ಮುಂದಿನ ಸಲ ಬಂದಾಗ ಮೈಸೂರಿನವನ ಜೇಬಿನಲ್ಲೇ ಬೇರೆ ಕಂಪನಿಯ ಫೋನು ಇತ್ತು. ಆಮೇಲೆ ಅವನೂ ಬರುವುದು ಬಿಟ್ಟ.

ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ನಾಮಕರಣಕ್ಕೆ ಬಂದುಹೋದ ಅಣ್ಣ ಮತ್ತೆ ನಾಗಮಂಗಲದ ಕಡೆ ತಲೆ ಹಾಕಲಿಲ್ಲ. ಗಿರಾಕಿ ಕಡಿಮೆಯಾದಷ್ಟೂ ಅವನಿಗೆ ಅಂಗಡಿ ಬಿಟ್ಟು ಅಲ್ಲಾಡಲು ಮನಸ್ಸಾಗುತ್ತಿರಲಿಲ್ಲ. ಬಂದ ಒಬ್ಬರೂ ವಾಪಸು ಹೋಗಿಬಿಟ್ಟರೆ ಅನ್ನುವ ಭಯ. ಸಂಜೆ ಮಾತ್ರ ತಪ್ಪದೆ ಫೋನು ಮಾಡುತ್ತಿದ್ದ. ನಾನು ಮಗಳ ಕಿವಿಗೆ ಹಿಡಿಯುತ್ತಿದ್ದೆ. ಅವನ ದನಿ ಕೇಳಿ ಅವಳು ಫೋನಿನ ಹಿಂದೆ ಮುಂದೆ ತಿರುಗಿಸಿ ಹುಡುಕುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಮೈಸೂರಿನಲ್ಲಿರುವ ನನ್ನ ಮೈದುನ ವಿಡಿಯೋದಲ್ಲಿ ಬರುತ್ತಿದ್ದ. ಟವೆಲ್ಲು ತಲೆಗೆ ಸುತ್ತಿ ಕೋತಿಯ ಹಾಗೆ ಕುಣಿಯುತ್ತಿದ್ದ. ಇವಳು ಕಿಲಕಿಲ ನಕ್ಕು ಗಾಜಿಗೇ ಮುತ್ತು ಕೊಡುತ್ತಿದ್ದಳು.

“ನೀನೂ ಅಂತಾದ್ದೊಂದು ತಕೊಳಣ್ಣ” ಅಂದೆ.

“ನಮ್ ಅಂಗ್ಡೀಲಿ ಕುಂತ್ಕಂಡು ಬ್ಯಾರೆ ಕಂಪ್ನಿ ಫೋನ್ ಹಿಡೀಲಾ? ಮಗೀಗೆ ನನ್ ದನಿ ಗೊತ್ತಲ್ಲ, ಸಾಕು ಬುಡು.”

ಕಿವಿ ಚುಚ್ಚುವ ದಿನ ಅಣ್ಣ ಮೊದಲನೇ ಬಸ್ಸಿಗೇ ಬಂದ. ಹೊಸ ಪಂಚೆ, ಗರಿಗರಿ ಶರಟು, ಕೈಯಲ್ಲಿ ಓಲೆಯ ಪುಟ್ಟ ಡಬ್ಬಿ. ಅಕ್ಕಸಾಲಿ ಎಲೆ ಅಡಿಕೆ ಇಟ್ಟುಕೊಂಡು ಕೂತಿದ್ದ. ಅಂಗಳಕ್ಕೆ ಎಳೆಬಿಸಿಲು ಬಂದಿತ್ತು, ಸಾಂಬ್ರಾಣಿ ಹೊಗೆ ನಿಧಾನಕ್ಕೆ ಮೇಲೇಳುತ್ತಿತ್ತು. ಆ ಹೊಗೆಯ ಆಚೆ ಅಣ್ಣ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದ. “ಬಾ ನನ್ ಸೊಸೆ” ಅಂದ.

ಮಗಳು ಅವನ ಮುಖ ನೋಡಿದಳು. ಅಯ್ಯೋ, ಆಮೇಲೆ ಅವಳು ಕಿರುಚಿದ ಕಿರುಚು! ತೊಡೆಗೆ ಇಟ್ಟರೆ ಬಿಲ್ಲಿನ ಹಾಗೆ ಸೆಟೆದುಕೊಂಡು ಜಾರಿದಳು. ಅಣ್ಣ ಪುಸಲಾಯಿಸಿದ, ಚಿಟಿಕೆ ಹೊಡೆದ, ಹೆಸರು ಹಿಡಿದು ಕರೆದ. ಅವಳು ಅಳುತ್ತಳುತ್ತಲೇ ಎರಡೂ ಕೈಯನ್ನು, ಮೈಸೂರಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮೈದುನನ ಕಡೆಗೆ ಚಾಚಿದಳು. ಅವನು ಎತ್ತಿಕೊಂಡ ತಕ್ಷಣ ಅಳು ನಿಂತಿತು.

“ಮಗ ಎದುರ್ಕತದೆ. ಯಾರ್ ತೊಡೆ ಆದ್ರೇನು, ಕಿವಿ ಚುಚ್ಚಿದ್ರಾಯ್ತು” ಅಂದರು ನಮ್ಮತ್ತೆ.

“ಊ ಕಣಮ್ಮ, ದಿಟ” ಅಂದು ಅಣ್ಣ ಮಣೆ ಬಿಟ್ಟು ಎದ್ದ. ಕಿವಿ ಚುಚ್ಚಿದ್ದು ಮೈದುನನ ತೊಡೆಯ ಮೇಲೆ. ಅಣ್ಣ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದ. ನನಗೆ ಯಾರ ಮೇಲೆ ಸಿಟ್ಟು ಬಂತೋ ಕಾಣೆ. ಮಗಳ ಮೇಲೆ, ಮೈದುನನ ಮೇಲೆ, ಎಲ್ಲೋ ಕಾಣದ ದೇಶದಲ್ಲಿ ಕೂತ ಆ ಕಂಪನಿಯ ಮೇಲೆ. ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಊಟಕ್ಕೆ ಕೂತ ಅಣ್ಣ ಎಲೆಯ ಮೇಲೆ ಬೆರಳಾಡಿಸುತ್ತಿದ್ದ. “ಮಗೀಗೆ ನನ್ ಮಖನೇ ಗೊತ್ತಿಲ್ಲ ಕಣವ್ವ” ಅಂದ. ನಾನು ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.

ಮಾರನೇ ದಿನ ಮಧ್ಯಾಹ್ನ ನನ್ನ ಫೋನಿಗೆ ವಿಡಿಯೋ ಕಾಲ್ ಬಂತು. ಗುರುತಿಲ್ಲದ ನಂಬರು. ಒತ್ತಿದರೆ ಪರದೆಯ ತುಂಬ ಮೀಸೆ, ಅರ್ಧ ಮೂಗು.

“ಕಾಣ್ತಿದ್ದೀನೇನವ್ವ?”

“ದೂರ ಹಿಡಿಯಣ್ಣ!”

ಕೈ ಹಿಂದಕ್ಕೆ ಹೋಯಿತು. ಅಣ್ಣ ನಿಂತಿದ್ದುದು ಆಚೆ ಬದಿಯ ಆ ಉಜ್ಜುವ ಫೋನಿನ ಅಂಗಡಿಯ ಮೆಟ್ಟಿಲ ಮೇಲೆ. ಅವನ ಬೆನ್ನ ಹಿಂದೆ ರಸ್ತೆ, ಬಿಸಿಲಲ್ಲಿ ನಿಧಾನಕ್ಕೆ ತೇಲಿಹೋದ ಒಂದು ಬಸ್ಸು, ಅದರಾಚೆ ನಮ್ಮ ಅಂಗಡಿ. ನಡುಹಗಲಲ್ಲಿ ಬಾಗಿಲು ಹಾಕಿತ್ತು. ಫೋಟೋಕ್ಕೆ ನಿಂತವನ ಹಾಗೆ ತಲೆ ನೇವರಿಸಿಕೊಂಡು ಅಣ್ಣ ಅಂದ:

“ಮಗೀನ ಕರಿಯವ್ವ. ಮಾತಾಡಕ್ಕಲ್ಲ. ಸುಮ್ಕೆ ನನ್ನ ನೋಡ್ಲಿ.”

ನಾನು ಮಗಳನ್ನು ಎತ್ತಿಕೊಂಡು ಬಂದು ಅವನ ಮುಂದೆ ಕೂರಿಸಿದೆ.